ಸ್ವಂತ ಐಪಿ ವಿಳಾಸ ಯಾರಿಗೆ ಬೇಕು?

ಸಣ್ಣ ವೆಬ್‌ಸೈಟ್ ನಡೆಸುವವರಿಗೆ ತಾಣಗಳಿಗೆ ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಗಳು ‘ಡೆಡಿಕೇಟೆಡ್ ಐಪಿ’ಯನ್ನು, ಅಂದರೆ ಒಂದೇ ಗ್ರಾಹಕರಿಗೆ ಮೀಸಲಾದ ಅಂತರ್ಜಾಲ ವಿಳಾಸದ ಸಂಖ್ಯೆಯನ್ನು, ಮಾರುವ ಪರಿ ನನಗೆ ಮೊದಲಿನಿಂದಲೂ ಸರಿಕಂಡಿಲ್ಲ. ಸುರಕ್ಷತೆಗೆ ಅದು ಬೇಕು, ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು ಬೇಕು ಎಂಬ ಮಾತು ನಂಬಿ ಹಣ ತೆರುವವರು ಇಂದಿಗೂ ಇದ್ದಾರೆ. ವಿಳಾಸಗಳ ಕೊರತೆಯಂತೂ ನಿಜವೇ. ಆದರೆ ಅದರ ಪೆಟ್ಟು ಬೀಳುವ ಜಾಗ ಬೇರೆ.

ಇಂದಿಗೂ ಬಳಕೆಯಲ್ಲಿರುವ, 1981ರ ಐಪಿವಿ4 ಎಂಬ ವಿಳಾಸ ನಿಯಮದಲ್ಲಿ ವಿಳಾಸವೊಂದಕ್ಕೆ 32 ಬಿಟ್‌ಗಳಷ್ಟೇ ಇರುವುದರಿಂದ ಇಡೀ ಜಗತ್ತಿಗೆ ದಕ್ಕುವುದು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಹೋಯಿತು. ಏಷ್ಯಾ-ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಸಂಸ್ಥೆ ಎಪಿನಿಕ್ ಎರಡೇ ತಿಂಗಳಲ್ಲಿ ಪಡಿತರಕ್ಕಿಳಿಯಿತು. ಹೊಸ ಸದಸ್ಯರಿಗೆ ಅದು ಈಗ ಕೊಡುವುದು ಹೆಚ್ಚೆಂದರೆ 512. ಮಿಕ್ಕದ್ದನ್ನು ಹಳಬರಿಂದ ಕೊಳ್ಳಬೇಕು. ಆ ಹಳಬರಲ್ಲಿ ಅಮೆರಿಕದ ಎಂಐಟಿಯೂ ಒಂದು: ಒಂದೇ ವಿಶ್ವವಿದ್ಯಾಲಯದ ಕೈಯಲ್ಲಿ 1.6 ಕೋಟಿಗೂ ಹೆಚ್ಚು ವಿಳಾಸಗಳಿದ್ದವು, ಅದರಲ್ಲೊಂದು ಪಾಲನ್ನು 2017ರಲ್ಲಿ ಅಮೆಜಾನ್‌ಗೆ ಮಾರಿತು! ಅದೇ ಅಮೆಜಾನ್‌ನ ಕ್ಲೌಡ್ ಸೇವೆ 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಸುಮಾರು 3.6 ಡಾಲರ್ ವಸೂಲು ಮಾಡುತ್ತಿದೆ. ಅತಿ ಚಿಕ್ಕ ಸರ್ವರ್ ಇಟ್ಟುಕೊಂಡವರಿಗೆ ಇದು ಹಗುರವಾದ ಮೊತ್ತವಲ್ಲ.

ಹಾಗಿದ್ದೂ ಜಾಲತಾಣಗಳು ನಿಂತುಹೋಗಿಲ್ಲ. ಬ್ರೌಸರ್ ತನಗೆ ಬೇಕಾದ ತಾಣದ ಹೆಸರನ್ನು ಕೋರಿಕೆಯ ಜೊತೆಗೇ ತಿಳಿಸುವುದರಿಂದ ಒಂದೇ ವಿಳಾಸದಲ್ಲಿ ನೂರಾರು ತಾಣಗಳು ವಠಾರದ ಸಂಸಾರಗಳಂತೆ ಇರಬಲ್ಲವು. ಹಿಂದೆ ಗೂಢಲಿಪಿಯ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್‌ಗೆ ಈ ಅನುಕೂಲವಿರಲಿಲ್ಲ, ತಾಣದ ಗುರುತನ್ನು ಸಾಬೀತುಪಡಿಸುವ ಪ್ರಮಾಣಪತ್ರಕ್ಕೊಂದು ವಿಳಾಸ ಬೇಕಿತ್ತು. ಸುರಕ್ಷಿತ ಸಂಪರ್ಕದ ಆರಂಭದಲ್ಲೇ ತಾಣದ ಹೆಸರು ತಿಳಿಸುವ ಎಸ್‌ಎನ್‌ಐ ವಿಧಾನ 2003ರಲ್ಲಿ ಬಂದ ಮೇಲೂ ವಿಂಡೋಸ್ ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅದನ್ನು ಅರಿಯದ ಕಾರಣ ವರ್ಷಗಟ್ಟಲೆ ಕಾಯಬೇಕಾಯಿತು. ಇಂದು ಆ ನೆಪವೂ ಉಳಿದಿಲ್ಲ.

ನಿಜವಾದ ತೊಂದರೆ ಇರುವುದು ನೆರೆಹೊರೆಯಲ್ಲಿ. ಅದೇ ವಿಳಾಸದಿಂದ ಇನ್ನೊಬ್ಬ ಸ್ಪ್ಯಾಮ್ ಕಳಿಸಿದರೆ ಕಪ್ಪುಪಟ್ಟಿ ಸೇರುವುದು ವಿಳಾಸವೇ ಆದ್ದರಿಂದ, ನಿಮ್ಮ ರಸೀದಿ, ಪಾಸ್‌ವರ್ಡ್ ಮೇಲ್‌ಗಳೂ ಗ್ರಾಹಕರನ್ನು ತಲುಪುವುದಿಲ್ಲ. ಒಂದು ತಾಣವನ್ನು ತಡೆಯಲು ವಿಳಾಸವನ್ನೇ ಮುಚ್ಚಿದರೆ ಉಳಿದವರೂ ಕತ್ತಲಾಗುತ್ತಾರೆ. 2022ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದಲ್ಲಿ ಕೃತಿಸ್ವಾಮ್ಯದ ಪ್ರಕರಣವೊಂದಕ್ಕಾಗಿ ಅನೇಕ ತಾಣಗಳಿಗೆ ಒಂದೇ ವಿಳಾಸ ಹಂಚುವ ಕ್ಲೌಡ್‌ಫ್ಲೇರ್ ಕಂಪನಿಯ ವಿಳಾಸಗಳನ್ನು ತಡೆದಾಗ ಏನೂ ಸಂಬಂಧವಿಲ್ಲದ ತಾಣಗಳು ಹೀಗೆಯೇ ಸಿಕ್ಕಿಕೊಂಡವು.

ವಿಳಾಸಕ್ಕೆ 128 ಬಿಟ್‌ಗಳಿರುವ, ಕೊರತೆಯೇ ಬಾರದಷ್ಟು ವಿಳಾಸಗಳಿರುವ ಹೊಸ ನಿಯಮ ಐಪಿವಿ6 ಇದಕ್ಕೆ ಪರಿಹಾರ. ಜಿಯೋ ಬಂದ ಮೇಲೆ ಭಾರತದ ಮೊಬೈಲ್ ಬಳಕೆದಾರರಲ್ಲಿ ಬಹುಪಾಲು ಜನ ಅದರ ಮೇಲೆಯೇ ಇದ್ದಾರೆ, ಹಿಂದುಳಿದಿರುವುದು ಹೋಸ್ಟಿಂಗ್ ಕಡೆಯವರು. ಆದರೂ ಐಪಿವಿ4 ಮಾತ್ರ ಇರುವ ಓದುಗನಿಗೆ ಬರೀ ಐಪಿವಿ6 ತಾಣ ಕಾಣಿಸದಾದ್ದರಿಂದ ಸದ್ಯಕ್ಕೆ ಎರಡನ್ನೂ ಇಟ್ಟುಕೊಳ್ಳದೆ ವಿಧಿಯಿಲ್ಲ.

ಆದ್ದರಿಂದ ಹೋಸ್ಟಿಂಗ್ ಕೊಳ್ಳುವವರು ಕೇಳಬೇಕಾದದ್ದು ಎರಡು: ಹೆಚ್ಚುವರಿ ಶುಲ್ಕವಿಲ್ಲದೆ ಐಪಿವಿ6 ಕೊಡುತ್ತೀರಾ, ಮತ್ತು ಹಂಚಿಕೊಂಡ ವಿಳಾಸ ಕಪ್ಪುಪಟ್ಟಿ ಸೇರಿದರೆ ಅದನ್ನು ಬಿಡಿಸುವ ಹೊಣೆ ಯಾರದು? ಸ್ವಂತ ಸರ್ವರ್‌ನಿಂದಲೇ ಮೇಲ್ ಕಳಿಸುವವರು ಮಾತ್ರ ಪ್ರತ್ಯೇಕ ವಿಳಾಸಕ್ಕೆ ಹಣ ಕೊಡಲಿ.