ಫಿಲ್ಲಿಂಗ್ ಮಾಡುವಾಗ ಬಾಯಲ್ಲಿ ಹತ್ತಿ ಯಾಕೆ?

'ಬಾಯಿಗೆ ಹತ್ತಿ ತುರುಕೋದು ಸುಮ್ನೆ ಶೋಕಿ. ನೀಲಿ ಲೈಟ್ ಹಿಡಿದರೆ ಫಿಲ್ಲಿಂಗ್ ಹೇಗಿದ್ದರೂ ಗಟ್ಟಿಯಾಗುತ್ತೆ' ಎಂಬ ಮೆಸೇಜ್ ಓಡಾಡುತ್ತಿದೆ. ಸತ್ಯಾಂಶ: ಗಟ್ಟಿಯಾಗುವುದು ಬೇರೆ, ಹಲ್ಲಿಗೆ ಅಂಟುವುದು ಬೇರೆ.

ಫಿಲ್ಲಿಂಗ್ ಹಿಡಿಸುವ ಅಂಟು ಹಚ್ಚುವ ಮುಂಚೆ ಹಲ್ಲಿನ ಹೊರಪದರವಾದ ಎನಾಮಲ್‌ಗೆ ಸಾಮಾನ್ಯವಾಗಿ 37% ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚಿ, 15ರಿಂದ 30 ಸೆಕೆಂಡ್ ಬಿಟ್ಟು ತೊಳೆಯುತ್ತಾರೆ. ಒಣಗಿಸಿದಾಗ ಹಲ್ಲು ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಂಡಿಗಳು ಎದ್ದಿರುತ್ತವೆ. ಅಂಟು ಅವುಗಳೊಳಗೆ ಇಳಿದು ಬೇರು ಬಿಡಬೇಕು. ಆಗ ಉಗುಳು ತಾಗಿತೋ, ಅದರ ಪ್ರೋಟೀನ್ ಪೊರೆ ಗುಂಡಿಗಳನ್ನು ಮುಚ್ಚಿಬಿಡುತ್ತದೆ. ಬರೀ ಒರೆಸಿದರೆ ಸಾಲದು. ಹತ್ತಿ ಇಡುವುದು ಈ ಉಗುಳನ್ನು ತಡೆಯೋಕೇ.

ಹಾಗಾದರೆ ಪೂರ್ತಿ ಒಣಗಿಸಿದರೆ ಒಳ್ಳೇದಲ್ವಾ? ಒಳಪದರವಾದ ಡೆಂಟಿನ್‌ಗೆ ಅಲ್ಲ. ಆಸಿಡ್ ಹಚ್ಚಿದ ಡೆಂಟಿನ್ ಜಾಸ್ತಿ ಒಣಗಿದರೆ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು ಮುದುಡಿ ಅಂಟಿಗೆ ದಾರಿ ಬಿಡುವುದಿಲ್ಲ. ಅದಕ್ಕೇ ತುಸು ತೇವ ಉಳಿಸುತ್ತಾರೆ. ನೀರಿನ ತೇವ, ಉಗುಳಿನದ್ದಲ್ಲ.