ಪ್ರಿಂಟರ್‌ಗೆ ಬೈಯುವ ಮೊದಲು ಸ್ಕ್ರೀನ್ ನೋಡಿ

ಮೂರು ವಾರ ಕೂತು ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡಿದ್ದೆ. ಕಡು ನೀಲಿ ರಾತ್ರಿ, ಮರಗಳ ನಡುವೆ ಹಸಿರಾಗಿ ಹೊಳೆಯುವ ಮಿಣುಕುಹುಳಗಳು. ಪ್ರಿಂಟ್ ಕೈಗೆ ಬಂದಾಗ ನೀಲಿ ನೇರಳೆಯಾಗಿತ್ತು, ಹುಳಗಳು ಬಾಡಿದ ಎಲೆಯ ಬಣ್ಣಕ್ಕೆ ತಿರುಗಿದ್ದವು, ಮರಗಳಂತೂ ಕಾಣಿಸಲೇ ಇಲ್ಲ. ಪ್ರಿಂಟ್ ಮಾಡಿದವರಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಆಮೇಲೆ ಗೊತ್ತಾಯಿತು, ತಪ್ಪು ಜಾಸ್ತಿ ನನ್ನದೇ.

ಮರಗಳನ್ನು ನುಂಗಿದ್ದು ನನ್ನ ಸ್ಕ್ರೀನ್. ಬ್ರೈಟ್‌ನೆಸ್ ಪೂರ್ತಿ ಏರಿಸಿ ಕೆಲಸ ಮಾಡುವ ಚಟ ನನಗೆ. ಸ್ಕ್ರೀನ್ ತಾನೇ ಬೆಳಕು ಚೆಲ್ಲುತ್ತದೆ, ಕಾಗದ ಕೋಣೆಯಲ್ಲಿರುವ ಬೆಳಕನ್ನು ವಾಪಸ್ ಕೊಡುತ್ತದೆ ಅಷ್ಟೇ. ಪ್ರಿಂಟ್‌ಗೆಂದು ಚಿತ್ರ ಮಾಡುವವರು ಸಾಮಾನ್ಯವಾಗಿ 80ರಿಂದ 120 ನಿಟ್ಸ್ (ಸ್ಕ್ರೀನಿನ ಬೆಳಕು ಅಳೆಯುವ ಮಾನ) ಆಸುಪಾಸಿನಲ್ಲಿ ಸ್ಕ್ರೀನ್ ಇಡುತ್ತಾರೆ. ಅದಕ್ಕಿಂತ ಮೂರು ನಾಲ್ಕು ಪಟ್ಟು ಬೆಳಕಿದ್ದರೆ ಕತ್ತಲೆಯ ಒಳಗಿನ ಮರವೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ, ಹಾಗಾಗಿ ನಾವು ಧೈರ್ಯವಾಗಿ ಇನ್ನಷ್ಟು ಕಪ್ಪು ಬಳಿಯುತ್ತಾ ಹೋಗುತ್ತೇವೆ. ಸ್ಕ್ರೀನಿನ ಬೆಳಕು, ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಬಿಳಿ ಹಾಳೆ ಪಕ್ಕದಲ್ಲಿ ಹಿಡಿದು, ಸ್ಕ್ರೀನಿನ ಬಿಳಿ ಹೆಚ್ಚುಕಮ್ಮಿ ಅಷ್ಟೇ ಕಾಣುವ ತನಕ ಇಳಿಸಿ. ಮತ್ತೆ ದಯವಿಟ್ಟು ನೈಟ್ ಮೋಡ್ ಆಫ್ ಮಾಡಿ. ಹಳದಿ ಕನ್ನಡಕ ಹಾಕಿಕೊಂಡು ಬಣ್ಣ ಆರಿಸಿದ ಹಾಗೆ ಅದು. (ಹೌದು, ಇದನ್ನೂ ಮಾಡಿದ್ದೇನೆ.)

ನೀಲಿ ಕೆಟ್ಟಿದ್ದು ಅತಿಬುದ್ಧಿಯಿಂದ. ಪ್ರಿಂಟ್ ಅಂದ ಕೂಡಲೇ 'ಸಿಎಂವೈಕೆಗೆ ಬದಲಾಯಿಸು' ಅಂತ ಎಲ್ಲರೂ ಹೇಳುತ್ತಾರೆ, ನಾನೂ ಸುಮ್ನೆ ಬದಲಾಯಿಸಿ ಕಳಿಸಿದೆ. ಸಿಎಂವೈಕೆ ಅಂದರೆ ಸಯಾನ್ (ತಿಳಿನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳ ಲೆಕ್ಕ. ಅಲ್ಲಿ ನೀಲಿ ಹುಟ್ಟುವುದೇ ಸಯಾನ್ ಮತ್ತು ಮಜೆಂಟಾ ಬೆರೆತು. ಮಜೆಂಟಾ ಸ್ವಲ್ಪ ಮೇಲಾದರೆ ನೇರಳೆ. ಅದಕ್ಕಿಂತ ತಮಾಷೆ, ನನ್ನ ಚಿತ್ರ ಮುದ್ರಿಸಿದ್ದು ಎಂಟಕ್ಕೂ ಹೆಚ್ಚು ಇಂಕ್ ಇರುವ ಇಂಕ್‌ಜೆಟ್‌ನಲ್ಲಿ. ಅಂಥ ಯಂತ್ರಗಳು ಸಾಮಾನ್ಯವಾಗಿ ಆರ್‌ಜಿಬಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಲೆಕ್ಕದ) ಫೈಲನ್ನೇ ಬಯಸುತ್ತವೆ. ಪ್ರಿಂಟ್ ಮಾಡುವವರಿಗೆ ಯಾವ ಫೈಲ್ ಬೇಕು, ಆ ಕಾಗದದ ಐಸಿಸಿ ಪ್ರೊಫೈಲ್ (ಆ ಪ್ರಿಂಟರಿನಲ್ಲಿ, ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್) ಇದೆಯಾ ಅಂತ ಮೊದಲೇ ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಚಿತ್ರದ್ದೇ ಬಣ್ಣದ ಪ್ರೊಫೈಲ್ ಸೇರಿಸದೆ ಫೈಲ್ ಕಳಿಸುವುದಂತೂ ವಿಳಾಸ ಬರೆಯದ ಕಾಗದ ಅಂಚೆಗೆ ಹಾಕಿದಂತೆ.

ಮನೆಯಲ್ಲೇ ಪ್ರಿಂಟ್ ಮಾಡುವವರು ಇನ್ನೊಂದು ನೋಡಿ: ಬಣ್ಣ ಸರಿಪಡಿಸುವ ಕೆಲಸ ಫೋಟೋಶಾಪ್‌ಗೆ ಕೊಟ್ಟರೆ ಪ್ರಿಂಟರ್ ಡ್ರೈವರಿನಲ್ಲಿ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಅದನ್ನು ಆಫ್ ಮಾಡಲೇಬೇಕು. ಇಬ್ಬರೂ ಕೈ ಹಾಕಿದರೆ ಕೆಟ್ಟಿತು.

ಮಿಣುಕುಹುಳದ ಹಸಿರಿಗೆ ಮಾತ್ರ ಮದ್ದಿಲ್ಲ. ಸ್ಕ್ರೀನಿನಲ್ಲಿ ಹೊಳೆಯುವ ಆ ಹಸಿರು ಇಂಕಿನಲ್ಲಿ ಇಲ್ಲವೇ ಇಲ್ಲ. ಇದನ್ನು ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಿನಲ್ಲೇ ತೋರಿಸುವ ನೋಟದಲ್ಲಿ, ಮೊದಲೇ ನೋಡಬಹುದು. ಫೋಟೋಶಾಪಿನ ಪ್ರೂಫ್ ಸೆಟಪ್‌ನಲ್ಲಿ ಆ ಕಾಗದದ ಪ್ರೊಫೈಲ್ ಆರಿಸಿದರೆ ಚಿತ್ರ ಕಣ್ಣೆದುರೇ ಮಂಕಾಗುತ್ತದೆ, ಹೊಟ್ಟೆ ಉರಿಯುತ್ತದೆ, ಆದರೂ ನೋಡಿ. ನನ್ನ ಪ್ರಕಾರ ಚಿತ್ರ ಮುಗಿದ ಮೇಲಲ್ಲ, ಬಣ್ಣ ತುಂಬಲು ಶುರು ಮಾಡುವಾಗಲೇ ನೋಡಬೇಕು.

ಎರಡನೇ ಸಲ ಹುಳಗಳನ್ನು ಮುಟ್ಟಲಿಲ್ಲ, ಸುತ್ತಲಿನ ಹುಲ್ಲಿನ ಹಸಿರನ್ನು ಬೂದಿ ಬಣ್ಣಕ್ಕೆ ಇಳಿಸಿದೆ. ಪೂರ್ತಿ ಚಿತ್ರದ ಬದಲು ಅಂಗೈಯಗಲದ ತುಂಡೊಂದನ್ನು ಅದೇ ಕಾಗದದ ಮೇಲೆ ತೆಗೆಸಿ, ಒಣಗಲು ಬಿಟ್ಟು, ಮರುದಿನ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಸುತ್ತಲಿನ ಮಂಕಿನ ಎದುರು ಹುಳಗಳು ಹೊಳೆಯುತ್ತಿದ್ದವು. ರಾತ್ರಿ ಬಲ್ಬಿನ ಕೆಳಗೆ ಅದೇ ತುಂಡಿನ ನೀಲಿ ಮತ್ತೆ ಸ್ವಲ್ಪ ನೇರಳೆ ಹೊಡೆಯಿತು, ಅದಕ್ಕೆ ಚಿತ್ರ ಈಗ ಕಿಟಕಿ ಎದುರಿನ ಗೋಡೆಯಲ್ಲಿದೆ.