ಮೂಲ ಪ್ರತಿ ಯಾವುದು?

ಬೆಳಗ್ಗೆ ಏಳೂವರೆ. ಒಂದು ಒಲೆಯಲ್ಲಿ ಹಾಲು ಉಕ್ಕುವ ಹೊತ್ತು, ಇನ್ನೊಂದರಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪಿದೆ, ಬಾಗಿಲಲ್ಲಿ ಸಿಲಿಂಡರಿನವನು ಓಟಿಪಿ ಕೇಳುತ್ತಿದ್ದಾನೆ, ಓಟಿಪಿ ಬಂದಿರುವ ಫೋನು ಹಾಸಿಗೆಯ ಯಾವ ಮಡಿಕೆಯಲ್ಲಿದೆಯೋ. ಈ ಗಳಿಗೆಯಲ್ಲಿ ಆಕಾಶದಲ್ಲಿ ಹಾರುವ ಶಕ್ತಿ ತಗೊಂಡು ಯಾರು ಏನು ಮಾಡಬೇಕು? ಬೇಕಾದದ್ದು ಇನ್ನೆರಡು ಮೈ, ನಾಲ್ಕು ಕೈ.

ಹಾಗಿದ್ದೂ ‘ಕೆಲಸಕ್ಕೆ ಬಾರದ ಹತ್ತು ಸೂಪರ್ ಶಕ್ತಿಗಳು’ ಅಂತ ಯಾರು ಪಟ್ಟಿ ಮಾಡಿದರೂ, ಒಬ್ಬಳೇ ಮೂವರಾಗಬಲ್ಲ ಟ್ರಿಪ್ಲಿಕೇಟ್ ಗರ್ಲ್ ಅದರಲ್ಲಿ ಖಾಯಂ. ಈ ವಾರವೂ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಮಾಡಿದ ಪುಣ್ಯಾತ್ಮ ಒಂದೇ ಒಂದು ದಿನವೂ ಅಡುಗೆಮನೆಯ ಉಸ್ತುವಾರಿ ನೋಡಿಕೊಂಡವನಲ್ಲ, ಅಷ್ಟಂತೂ ಖಚಿತ.

ಪರಿಚಯ ಇಲ್ಲದವರಿಗೆ: ಡಿಸಿ ಕಾಮಿಕ್ಸ್‌ನಲ್ಲಿ ಸಾವಿರ ವರ್ಷ ಮುಂದಿನ ಹುಡುಗ ಹುಡುಗಿಯರ ಒಂದು ಪಡೆ ಇದೆ, ಲೀಜನ್ ಆಫ್ ಸೂಪರ್-ಹೀರೋಸ್. 1958ರಲ್ಲಿ ಮೊದಲು ಕಾಣಿಸಿಕೊಂಡಿತು. ಈಕೆ ಬಂದದ್ದು 1961ರಲ್ಲಿ, ಆಕ್ಷನ್ ಕಾಮಿಕ್ಸ್‌ನ 276ನೇ ಸಂಚಿಕೆಯಲ್ಲಿ. ಹೆಸರು ಲೂರ್ನು ಡರ್ಗೋ, ಊರು ಕಾರ್ಗ್ ಎಂಬ ಗ್ರಹ. ಅಲ್ಲಿನ ಆಕಾಶದಲ್ಲಿ ಮೂರು ಸೂರ್ಯ, ಅದಕ್ಕೇ ಅಲ್ಲಿನವರು ಒಬ್ಬರು ಮೂವರಾಗಬಲ್ಲರು. (ಮೂರು ಸೂರ್ಯ ಇದ್ದರೆ ಹಪ್ಪಳ ಎಷ್ಟು ಬೇಗ ಒಣಗಬಹುದು ಎಂಬ ವಿಷಯವನ್ನು ಒಬ್ಬ ಲೇಖಕನೂ ಎತ್ತಿಲ್ಲ.) ಮೂವರಾದ ಮೇಲೆ ಮೂವರಲ್ಲೂ ಇರುವುದು ಸಾಮಾನ್ಯ ಹುಡುಗಿಯ ಬಲವೇ. ಕಣ್ಣಿಂದ ಬೆಂಕಿ ಇಲ್ಲ, ಗುದ್ದಿದರೆ ಗೋಡೆ ಬೀಳುವುದಿಲ್ಲ. ಪಟ್ಟಿ ಮಾಡುವವರ ತಕರಾರು ಇದೇ.

ಲೀಜನ್ನಿನ ಕಚೇರಿ ಶಿಸ್ತು ನಮ್ಮ ತಾಲೂಕು ಕಚೇರಿಗಿಂತ ಒಂದು ಕೈ ಮೇಲು. ಒಬ್ಬೊಬ್ಬರಿಗೆ ಒಂದೊಂದು ಶಕ್ತಿ, ಇಬ್ಬರಿಗೆ ಒಂದೇ ಇರಕೂಡದು. ಮಿಂಚು ಹೊಡೆಯುವ ಲೈಟ್ನಿಂಗ್ ಲ್ಯಾಡ್ ಸತ್ತಿದ್ದವನು ಬದುಕಿ ಬಂದಾಗ, ಅವನ ಜಾಗದಲ್ಲಿದ್ದ ಸ್ವಂತ ಅವಳಿ ಸೋದರಿಯ ಮಿಂಚು ‘ಡಬಲ್ ಎಂಟ್ರಿ’ ಆಯಿತು. 1964ರಲ್ಲಿ ಅವಳ ಶಕ್ತಿಯನ್ನೇ ಬದಲಿಸಿ, ವಸ್ತುಗಳನ್ನು ಹಗುರ ಮಾಡುವ ಕೆಲಸಕ್ಕೆ ಹಾಕಿದರು. ಅದೇ ಪಡೆಯಲ್ಲಿ ಸೂಪರ್‌ಬಾಯ್, ಸೂಪರ್‌ಗರ್ಲ್, ಮಾನ್-ಎಲ್ ಮೂವರಿಗೂ ಹೆಚ್ಚುಕಡಿಮೆ ಒಂದೇ ಶಕ್ತಿ. ಅವರನ್ನು ಕೇಳುವವರಿಲ್ಲ. ವಶೀಲಿ ಮೂವತ್ತನೇ ಶತಮಾನದಲ್ಲೂ ನಡೆಯುತ್ತದೆ.

ಇಂಥ ಕಚೇರಿಗೆ ಹೆಸರಲ್ಲೇ ‘ಟ್ರಿಪ್ಲಿಕೇಟ್’ ಇಟ್ಟುಕೊಂಡು ಬಂದರೆ ಗುಮಾಸ್ತ ಮೊದಲು ಕೇಳುವುದೇನು? ‘ಅಮ್ಮಾ, ಮೂಲ ಪ್ರತಿ ಯಾವುದು?’ ತಾಪತ್ರಯವೆಲ್ಲ ಹುಟ್ಟಿದ್ದು ಇಲ್ಲೇ. ಒಂದು ಮೂಲ, ಎರಡು ಜೆರಾಕ್ಸ್ ಅಂತ ಬರೆದವರೂ ತಿಳಿದರು, ಓದಿದವರೂ ತಿಳಿದರು. ಮೂರೂ ಮೂಲವೇ ಎಂಬುದು ಯಾರ ತಲೆಗೂ ಹೋಗಲಿಲ್ಲ.

1966ರ ಜನವರಿ, ಅಡ್ವೆಂಚರ್ ಕಾಮಿಕ್ಸ್ 340. ಪಡೆಯ ಮಹಾಬುದ್ಧಿವಂತ ಬ್ರೈನಿಯಾಕ್ 5 ಒಂದು ಕಂಪ್ಯೂಟರ್ ಕಟ್ಟಿದ, ಹೆಸರು ಕಂಪ್ಯೂಟೋ. ಅದು ಕಟ್ಟಿದವನ ವಿರುದ್ಧವೇ ತಿರುಗಿಬಿದ್ದು ಲೂರ್ನುವಿನ ಒಂದು ಮೈಯನ್ನು ಕೊಂದುಹಾಕಿತು. ಒಬ್ಬ ಹುಡುಗಿ ಸತ್ತಳು. ಸೂತಕವಿಲ್ಲ, ಕಟ್ಟಿದವನ ಮೇಲೆ ವಿಚಾರಣೆಯಿಲ್ಲ. ಆದದ್ದೇನು? ಹೆಸರು ತಿದ್ದುಪಡಿ! ಟ್ರಿಪ್ಲಿಕೇಟ್ ಗರ್ಲ್ ಹೋಗಿ ಡ್ಯುಯೋ ಡ್ಯಾಮ್ಸೆಲ್ ಬಂತು. ರೇಷನ್ ಕಾರ್ಡಿನಿಂದ ಒಂದು ಹೆಸರು ತೆಗೆಸಬೇಕಾದರೂ ಮರಣ ಪತ್ರ, ಆಧಾರ್, ಎರಡು ಫೋಟೋ ಕೇಳುತ್ತಾರೆ, ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನುತ್ತಾರೆ. ಇಲ್ಲಿ ಮೂರಿದ್ದದ್ದನ್ನು ಎರಡು ಮಾಡಿ ಮುಂದಿನ ಕೇಸಿಗೆ ಹೊರಟೇಬಿಟ್ಟರು. ಉಡುಪು ಮಾತ್ರ ಲೆಕ್ಕಕ್ಕೆ ಸರಿಯಾಗಿ ಅರ್ಧ ಕಿತ್ತಳೆ, ಅರ್ಧ ನೇರಳೆ. ಎರಡಾದಾಗ ಒಬ್ಬಳಿಗೆ ಪೂರ್ತಿ ಕಿತ್ತಳೆ, ಇನ್ನೊಬ್ಬಳಿಗೆ ಪೂರ್ತಿ ನೇರಳೆ. ದರ್ಜಿಗೆ ಇದ್ದ ಕಾಳಜಿ ಸಂಪಾದಕರಿಗೆ ಇರಲಿಲ್ಲ.

ಮದುವೆಯಾದದ್ದು ಚಕ್ ಟೇನ್ ಅಲಿಯಾಸ್ ಬೌನ್ಸಿಂಗ್ ಬಾಯ್ ಎಂಬ ದುಂಡು ಮನುಷ್ಯನನ್ನು. ಇವನು ವಿಜ್ಞಾನ ಮಂಡಳಿಗೆ ಪ್ಲಾಸ್ಟಿಕ್ ದ್ರಾವಣದ ಬಾಟಲಿ ತಲುಪಿಸಲು ಹೊರಟು, ದಾರಿಯಲ್ಲಿ ರೋಬೋಟ್ ಕಾಳಗ ನೋಡುತ್ತ ಕೂತು, ಸೋಡಾ ಅಂದುಕೊಂಡು ಅದನ್ನೇ ಕುಡಿದವನು. ಅಂದಿನಿಂದ ಚೆಂಡಿನಂತೆ ಉಬ್ಬಿ ಪುಟಿಯುತ್ತಾನೆ. ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ ಇಡಬೇಡಿ ಎಂದು ಅಜ್ಜಿಯರು ಬಡಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಮದುವೆ 1974ರಲ್ಲಿ, ಸೂಪರ್‌ಬಾಯ್ ಪತ್ರಿಕೆಯ 200ನೇ ಸಂಚಿಕೆಯಲ್ಲಿ. ಮದುವೆಯಾದವರು ಪಡೆ ಬಿಡಬೇಕೆಂಬ ನಿಯಮ ಬೇರೆ ಇತ್ತು. ಇಬ್ಬರೂ ಬಿಟ್ಟರು, ಮುಂದೆ ಲೀಜನ್ನಿನ ಅಕಾಡೆಮಿಯಲ್ಲಿ ಮೇಷ್ಟರಾದರು. 1988ರಲ್ಲಿ ಟೈಮ್ ಟ್ರ್ಯಾಪರ್ ಎಂಬ ಖಳನೊಡನೆ ನಡೆದ ಹೋರಾಟದಲ್ಲಿ ಅವಳ ಇನ್ನೊಂದು ಮೈಯೂ ಹೋಯಿತು. ಉಳಿದದ್ದು ಒಂದು. ಅಂದರೆ ನಮ್ಮ ನಿಮ್ಮಷ್ಟೇ.

1994ರಲ್ಲಿ ಡಿಸಿಯವರು ಇಡೀ ಕಥೆಯನ್ನು ಅಳಿಸಿ ಮೊದಲಿಂದ ಶುರುಮಾಡಿದರು. ಹೊಸ ಲೂರ್ನುವಿಗೆ ಮೂರೂ ಮೈ ವಾಪಸು ಬಂದವು, ಟ್ರಯಾಡ್ ಎಂಬ ಹೆಸರು ಬಂತು, ಮೂರಕ್ಕೂ ಬೇರೆಬೇರೆ ಸ್ವಭಾವ ಬಂತು. ಒಬ್ಬಳು ಗಟ್ಟಿಗಿತ್ತಿ, ಒಬ್ಬಳು ನಾಚಿಕೆಯವಳು, ಒಬ್ಬಳು ನಡುವಿನವಳು. ಮೂವತ್ತು ವರ್ಷ ತಡವಾಗಿಯಾದರೂ ಜೆರಾಕ್ಸ್ ಅಲ್ಲ ಅಂತ ಒಪ್ಪಿದರಲ್ಲ, ಸಂತೋಷ.

ಹತ್ತು ವರ್ಷದಲ್ಲಿ ಅದನ್ನೂ ಅಳಿಸಿದರು. ಮೂರನೆಯ ಸಲ ಬರೆದ ಈ ಕಥೆಯನ್ನು ಮಾತ್ರ ಗೇಲಿ ಮಾಡಲು ಮನಸ್ಸು ಬರುವುದಿಲ್ಲ. ಕಾರ್ಗ್‌ನಲ್ಲಿ ಬದುಕುಳಿದಿರುವುದು ಅವಳೊಬ್ಬಳೇ. ಒಂಟಿತನ ತಾಳದೆ ತನ್ನನ್ನೇ ಒಡೆದು ಒಡೆದು ಇಡೀ ಗ್ರಹ ತುಂಬಿಸುತ್ತಾಳೆ. ಅವರಲ್ಲಿ ಮೂವರು ಹೊರಲೋಕಕ್ಕೆ ಹೋಗಿ ಬರುತ್ತಾರೆ. ತಿರುಗಿ ಬಂದಾಗ ಉಳಿದವರು ಅವರನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ: ನೀವು ಬೇರೆ ಏನೇನೋ ನೋಡಿ ಬಂದಿದ್ದೀರಿ, ನೀವೀಗ ನಾವಲ್ಲ. ಮುಖ ಅದೇ, ದನಿ ಅದೇ, ಹೊಸಿಲು ದಾಟುವಂತಿಲ್ಲ. ಪರದೇಶದಲ್ಲಿ ನಾಲ್ಕು ವರ್ಷ ಇದ್ದು ಊರಿಗೆ ಬಂದವರನ್ನು ‘ನಿಂಗೆ ನಮ್ಮ ಸಾರು ಖಾರ ಆಗತ್ತೇನೋ’ ಎಂದು ಬೇರೆ ತಟ್ಟೆ ಹಾಕುವ ಹಾಗೆ.

ಆಮೇಲೆ ಹಳೆಯ ಲೂರ್ನುವನ್ನೇ ಕರೆತಂದರು. ಈ ಸಲ ಡ್ಯುಪ್ಲಿಕೇಟ್ ಡ್ಯಾಮ್ಸೆಲ್. ಆ ಅವತಾರದಲ್ಲಿ ಎರಡು ಮೂರರ ಲೆಕ್ಕವೇ ಇಲ್ಲ, ಬೇಕಾದಷ್ಟು ಜನ ಆಗಬಲ್ಲಳು. ಬಾಕಿಯನ್ನು ಬಡ್ಡಿ ಸಮೇತ ತೀರಿಸಿದ್ದಾರೆ ಅನ್ನಿ. ಆದರೂ ಪಟ್ಟಿಯವನು ಅವಳನ್ನು ಆರನೇ ಸ್ಥಾನದಲ್ಲೇ ಇಟ್ಟಿದ್ದಾನೆ. ನನಗೆ ಚಿಂತೆ ಇರುವುದು ಚಕ್‌ನದು. ಬೆಳಗ್ಗೆ ಎದ್ದು ಕಾಫಿಗೆ ಎಷ್ಟು ಲೋಟ ನೀರಿಡಬೇಕು ಅಂತ ಆ ಮನುಷ್ಯ ಯಾರನ್ನು ಕೇಳಬೇಕು?